‘ಕಟ್’ ಅಂದು ಸುಮ್ಮನಾಗುವ ಹಳೇ ಕಾರು: ಬ್ಯಾಟರಿ ಬದಲಿಸುವ ಮೊದಲು ಅಳೆದು ನೋಡಿ

ನಾನು ಸಾಫ್ಟ್‌ವೇರ್ ಕೆಲಸದವನು, ಊರು ಹುಬ್ಬಳ್ಳಿ, ಈಗಿರೋದು ನವಿ ಮುಂಬಯಿಯ ಕಳಂಬೋಲಿಯಲ್ಲಿ. ಎಂ.ಟೆಕ್ ಓದಿದ್ದೇನೆ, ಆದರೆ ಗ್ಯಾರೇಜಿನ ಕೆಲಸ ಕಲಿತವನಲ್ಲ. ಇವತ್ತು ಹೇಳೋದು ಎಂಟು ಸಾವಿರ ರೂಪಾಯಿ ಸುಮ್ಮನೆ ಕಳೆದ ಮೇಲೆ ತಿಳಿದುಕೊಂಡ ವಿಷಯ.

ಕಾರು ಅಪ್ಪನದು, ಅವರೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2009ರ ಚಿಕ್ಕ ಪೆಟ್ರೋಲ್ ಗಾಡಿ. ಯಾವ ಕಂಪನಿಯದು ಅನ್ನೋದು ಬೇಡ, ಹದಿನೈದು ವರ್ಷ ಆದ ಯಾವ ಗಾಡಿಗಾದರೂ ಇದು ಆಗಬಹುದು. ಅಪ್ಪ, ಅಮ್ಮ ನಮ್ಮ ಜೊತೆ ಇರೋಕೆ ಬಂದಾಗ ಅದೂ ಬಂತು. 2024ರ ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಬ್ಬಸ ಜೋರಾಯಿತು. ಹೊರಗೆ ಮಳೆ. ಅಮ್ಮನನ್ನು ಹಿಂದೆ ಕೂರಿಸಿ ಕೀ ತಿರುಗಿಸಿದೆ. ‘ಕಟ್’. ಮತ್ತೆ ತಿರುಗಿಸಿದೆ. ‘ಕಟ್’. ಅಷ್ಟೇ. ಪಕ್ಕದ ಬಿಲ್ಡಿಂಗಿನ ಆಟೋದವರನ್ನು ಎಬ್ಬಿಸಿ ಕಾಮೋಠೆಯ ಆಸ್ಪತ್ರೆಗೆ ಹೋದೆವು. ನೆಬ್ಯುಲೈಸರ್ ಹಾಕಿದರು, ಬೆಳಗಾಗುವಷ್ಟರಲ್ಲಿ ಅಮ್ಮ ಚಹಾ ಕೇಳಿದರು. ಆದರೆ ಆ ಹದಿನೈದು ನಿಮಿಷ ನನಗೆ ಇನ್ನೂ ಮರೆತಿಲ್ಲ.

ಅದಕ್ಕಿಂತ ಮೊದಲೂ ಗಾಡಿ ಎರಡು ಸಲ ಹಿಂಗೇ ಮಾಡಿತ್ತು. ಮೊದಲ ಸಲ ಬ್ಯಾಟರಿ ಅಂದರು, 4,200 ಕೊಟ್ಟು ಹೊಸದು ಹಾಕಿಸಿದೆ. ಮೂರು ವಾರ ಸರಿ ಇತ್ತು. ಎರಡನೇ ಸಲ ಸೆಲ್ಫ್ ಮೋಟರ್ ಅಂದರು, ಬಿಚ್ಚಿ ರಿಪೇರಿ ಮಾಡಿ 3,800. ಹತ್ತು ದಿನ ಸರಿ ಇತ್ತು. ಮೂರನೆಯದು ಆ ರಾತ್ರಿ. ಅಪ್ಪ ಅಂದರು, “ಮಾರಿಬಿಡೋ. ಅದಕ್ಕೂ ನನ್ನಂಗ ವಯಸ್ಸಾಗೈತಿ.” ಆ ವರ್ಷವೇ ಹದಿನೈದು ವರ್ಷದ ನೋಂದಣಿ ಮುಗಿಯೋದಿತ್ತು. 2022ರ ಏಪ್ರಿಲ್‌ನಿಂದ ಕಾರಿನ ನೋಂದಣಿ ನವೀಕರಣದ ಫೀ 600ರಿಂದ 5,000 ಆಗಿತ್ತು. ನಂಬೋಕೆ ಆಗದ ಗಾಡಿಗೆ ಯಾಕೆ ಅಷ್ಟು ಸುರಿಯಬೇಕು ಅನ್ನೋದು ನ್ಯಾಯವಾದ ಪ್ರಶ್ನೆಯೇ.

ಈಗ ವಿಷಯಕ್ಕೆ ಬರ್ತೀನಿ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಅಂದರೆ ಅದು ಒಂದು ರೋಗ ಅಲ್ಲ, ಎರಡು ಬೇರೆ ಬೇರೆ ರೋಗ. ಎಂಜಿನ್ ತಿರುಗುತ್ತಲೇ ಇಲ್ಲವಾ? ಅಥವಾ ‘ಕುರ್ ಕುರ್’ ಅಂತ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ತಾ ಇಲ್ಲವಾ? ಚೆನ್ನಾಗಿ ತಿರುಗ್ತಿದ್ದರೆ ಬ್ಯಾಟರಿ, ಸೆಲ್ಫ್ ಎರಡನ್ನೂ ಬಿಟ್ಟುಬಿಡಿ. ಪೆಟ್ರೋಲ್ ಬರ್ತಿದೆಯಾ, ಸ್ಪಾರ್ಕ್ ಬರ್ತಿದೆಯಾ ನೋಡಬೇಕು. ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಪಂಪಿನ ಸಣ್ಣ ಸದ್ದು ಬರಬೇಕು. ಮೀಟರಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗ್ತಾ ಇದ್ದರೆ ಗಾಡಿ ನಿಮ್ಮ ಕೀಲಿಯನ್ನು ಗುರುತಿಸ್ತಿಲ್ಲ, ಎರಡನೇ ಕೀಲಿ ಹಾಕಿ ನೋಡಿ.

ನನ್ನದು ಮೊದಲ ರೋಗ. ಸೋಲೆನಾಯ್ಡ್ ‘ಕಟ್’ ಅನ್ನುತ್ತೆ, ಎಂಜಿನ್ ತಿರುಗಲ್ಲ. ಮಾರನೇ ದಿನ ಸೊಸೈಟಿಯ ವಾಚ್‌ಮನ್ ಮತ್ತು ಇಬ್ಬರು ಹುಡುಗರು ಸೇರಿ ತಳ್ಳಿದರು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಹತ್ತಿಕೊಂಡಿತು. ತಳ್ಳಿದರೆ ಹತ್ತಿಕೊಳ್ಳೋ ಗಾಡಿಗೆ ಪೆಟ್ರೋಲ್ ಇದೆ, ಸ್ಪಾರ್ಕ್ ಇದೆ. ಅರ್ಧ ಗಾಡಿ ಅಲ್ಲೇ ಪಾಸಾಯಿತು.

ಇಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಮಲ್ಟಿಮೀಟರ್ ತಗೊಂಡು ಒಂದೊಂದೇ ವೈರ್ ಚೆಕ್ ಮಾಡಿದೆ. ಎಲ್ಲಕ್ಕೂ ‘ಬೀಪ್’ ಅಂತು. ವೈರಿಂಗ್ ಸರಿ ಇದೆ ಅಂತ ಬರೆದುಕೊಂಡೆ.

ನಮ್ಮ ಕಳಂಬೋಲಿ ಅಂದರೆ ಸ್ಟೀಲ್ ಮಾರ್ಕೆಟ್, ಟ್ರಕ್ ಟರ್ಮಿನಲ್. ವಿಜಯಪುರ, ಕಲಬುರಗಿ ಕಡೆಯ ಡ್ರೈವರ್‌ಗಳ ಕನ್ನಡ ಅಲ್ಲಿ ಚಹಾ ಅಂಗಡಿಯಲ್ಲೇ ಕೇಳುತ್ತೆ. ಲಾರಿ ವೈರಿಂಗ್ ಮಾಡೋ ಇಂಡಿ ತಾಲೂಕಿನ ಒಬ್ಬ ಕಾಕಾ ನನ್ನ ಕಥೆ ಪೂರ್ತಿ ಕೇಳಲೇ ಇಲ್ಲ. “ಹೆಡ್‌ಲೈಟ್ ಹಚ್ಚಿ ಸೆಲ್ಫ್ ಹೊಡೀರಿ ಸಾಹೇಬ್ರ” ಅಂದರು. ಹೊಡೆದೆ. ‘ಕಟ್’ ಅಂತು, ಆದರೆ ಲೈಟ್ ಸ್ವಲ್ಪ ಮಾತ್ರ ಮಂಕಾಯಿತು. “ಬ್ಯಾಟರಿ ಸತ್ತಿದ್ರ ಲೈಟ್ ಪೂರಾ ಕೂಡತಿತ್ತು. ಕರೆಂಟ್ ಐತಿ, ಹಾದಿ ಇಲ್ಲ.” ಇನ್ನೆರಡು ಸಲ ಹೊಡೆಸಿ, ಬ್ಯಾಟರಿಯ ನೆಗೆಟಿವ್‌ನಿಂದ ಗೇರ್‌ಬಾಕ್ಸಿಗೆ ಹೋಗೋ ದಪ್ಪ ಅರ್ಥ್ ವೈರಿನ ತುದಿಗೆ ಕೈ ಇಟ್ಟರು. “ನೀವೂ ಇಟ್ಟ ನೋಡ್ರಿ.” ಬಿಸಿಯಾಗಿತ್ತು. ಉಳಿದ ವೈರ್‌ಗಳೆಲ್ಲ ತಣ್ಣಗೆ.

ಬೀಪ್ ಯಾಕೆ ಮೋಸ ಮಾಡಿತು? ಮೀಟರ್ ವೈರಿನಲ್ಲಿ ಕೆಲವೇ ಮಿಲಿ ಆಂಪಿಯರ್ ಹರಿಸಿ ನೋಡುತ್ತೆ. ಒಳಗೆ ನೂರು ಎಳೆಯಲ್ಲಿ ನಾಲ್ಕೇ ಉಳಿದಿದ್ದರೂ ಅದು ಬೀಪ್ ಅನ್ನುತ್ತೆ. ಚಿಕ್ಕ ಕಾರಿನ ಸೆಲ್ಫ್ ಮೋಟರ್ ಎಳೆಯೋದು ಮಾತ್ರ ಸುಮಾರು ನೂರು ಆಂಪಿಯರ್, ಶುರುವಿಗೆ ಇನ್ನೂ ಹೆಚ್ಚು. ಆ ಕರೆಂಟಿಗೆ 0.05 ಓಮ್ ಅಡ್ಡ ಬಂದರೂ ನಾಲ್ಕೈದು ವೋಲ್ಟ್ ಅಲ್ಲೇ ನುಂಗಿಹೋಗುತ್ತೆ. ಸಾಧಾರಣ ಮೀಟರಿಗೆ 0.05 ಓಮ್ ಕಾಣೋದೇ ಇಲ್ಲ, ಅದರ ಸ್ವಂತ ವೈರೇ ಅದಕ್ಕಿಂತ ಜಾಸ್ತಿ ತೋರಿಸುತ್ತೆ. ನಮ್ಮ ಆಫೀಸಲ್ಲೂ ಇದೇ ಕಥೆ: ಒಬ್ಬ ಯೂಸರ್ ಇಟ್ಟು ಟೆಸ್ಟ್ ಮಾಡಿದಾಗ ಎಲ್ಲ ಪಾಸ್, ಲೋಡ್ ಬಂದ ದಿನ ಮಲಗುತ್ತೆ. ನನಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಅದಕ್ಕೇ ಓಮ್ ಬೇಡ, ವೋಲ್ಟ್ ಅಳೆಯಿರಿ, ಅದೂ ಸೆಲ್ಫ್ ಹೊಡೆಯುವಾಗ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಕಂಬದ ಮೇಲೇ ಇಡಿ, ಕ್ಲಾಂಪಿನ ಮೇಲೆ ಬೇಡ, ಕ್ಲಾಂಪ್ ತುಕ್ಕು ಹಿಡಿದಿದ್ದರೂ ಗೊತ್ತಾಗಲಿ. ಒಬ್ಬರು ಕೀ ತಿರುಗಿಸಲಿ. ಸರಿ ಇರೋ ಗಾಡಿಯಲ್ಲಿ 0.2 ವೋಲ್ಟ್ ಒಳಗೆ ಬರಬೇಕು. ನನ್ನದರಲ್ಲಿ 4.1 ಬಂತು. ಅದೇ ಹೊತ್ತಿಗೆ ಬ್ಯಾಟರಿ ಕಂಬಗಳ ನಡುವೆ 11.4 ಇತ್ತು. ಅಂದರೆ ಮೋಟರಿಗೆ ಸಿಗ್ತಾ ಇದ್ದದ್ದು ಏಳು ವೋಲ್ಟಿನ ಆಸುಪಾಸು. ಪಾಸಿಟಿವ್ ಕಡೆಗೂ ಹೀಗೇ: ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ, ಅಲ್ಲಿ 0.5ರ ತನಕ ನಡೆಯುತ್ತೆ.

ನಂಬಿಕೆಗೆ ಇನ್ನೊಂದು ಪರೀಕ್ಷೆ ಮಾಡಿದೆವು. ಜಂಪರ್ ಕೇಬಲ್ಲಿನ ಒಂದೇ ವೈರನ್ನು ನೆಗೆಟಿವ್ ಕಂಬದಿಂದ ನೇರ ಎಂಜಿನ್ನಿಗೆ ಕಚ್ಚಿಸಿ ಕೀ ತಿರುಗಿಸಿದರೆ ಒಂದೇ ಏಟಿಗೆ ಹತ್ತಿಕೊಂಡಿತು. ಹಳೇ ವೈರಿನ ಕವರ್ ಸೀಳಿದಾಗ ಒಳಗೆ ಹಸಿರು ಪುಡಿ, ಬೆರಳೆಣಿಕೆಯಷ್ಟು ತಾಮ್ರದ ಎಳೆ. ಹೊರಗಿನಿಂದ ಒಂದು ಬಿರುಕೂ ಇರಲಿಲ್ಲ. ಎಂಜಿನ್ ಅಲುಗಿದಾಗ ಆ ಎಳೆಗಳು ಸ್ವಲ್ಪ ಕೂಡುತ್ತವೆ, ಸ್ವಲ್ಪ ಬಿಡುತ್ತವೆ. ಪ್ರತಿ ರಿಪೇರಿಯಲ್ಲೂ ಆ ವೈರನ್ನು ಬಿಚ್ಚಿ ಹಾಕಿದ್ದರಲ್ಲ, ಹೊಸ ಬ್ಯಾಟರಿ, ಹೊಸ ಸೆಲ್ಫ್ ‘ಕೆಲಸ ಮಾಡಿದಂತೆ’ ಕಂಡದ್ದು ಅದಕ್ಕೇ. ಹೊಸ ವೈರಿಗೆ 180 ರೂಪಾಯಿ. ಕಾಕಾ ಕೂಲಿ ಅಂತ ನೂರು ತಗೊಂಡರು, ಇನ್ನೂರು ಕೊಟ್ಟರೆ ಬೇಡ ಅಂದರು.

ಹೊಸ ವೈರ್ ಹಾಕಿದ ಮೇಲೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.6ಕ್ಕೆ ಇಳಿಯಿತು, ಮೊದಲಿಗಿಂತ ಕಡಿಮೆ. ಗಾಬರಿ ಬೇಡ. ಈಗ ಮೋಟರ್ ನಿಜವಾಗಿ ಕರೆಂಟ್ ಎಳೀತಿದೆ ಅಂತ ಅರ್ಥ. 9.6ಕ್ಕಿಂತ ಕೆಳಗೆ ಹೋದರೆ ಆವಾಗ ಬ್ಯಾಟರಿಯನ್ನು ಅನುಮಾನಿಸಿ.

ಒಂದು ಎಚ್ಚರಿಕೆ. ಕಳಂಬೋಲಿ ತಗ್ಗಿನ ಜಾಗ, ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಲ್ಲುತ್ತೆ. ಗಾಡಿ ನೀರಲ್ಲಿ ನಿಂತಿದ್ದರೆ ಈ ಯಾವ ಪರೀಕ್ಷೆಯೂ ಬೇಡ, ಕೀ ಮುಟ್ಟಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ನೀರು ಒತ್ತಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಆಮೇಲೆ ಲೆಕ್ಕ ಸಾವಿರದಲ್ಲಿ ಇರಲ್ಲ. ಮೊದಲು ಎಳೆಸಿಕೊಂಡು ಹೋಗಿ, ಪ್ಲಗ್ ಬಿಚ್ಚಿಸಿ.

ನೋಂದಣಿ ನವೀಕರಣ ಮಾಡಿಸಿದೆವು. ಅಪ್ಪ ಈಗಲೂ ಬೆಳಿಗ್ಗೆ ಹಾಲು ತರೋಕೆ ಹೋಗೋ ಮುಂಚೆ ಒಂದು ಸಲ ಸ್ಟಾರ್ಟ್ ಮಾಡಿ ನೋಡ್ತಾರೆ, ಹಾಲಿನ ಅಂಗಡಿ ಇರೋದು ಗೇಟಿನ ಎದುರಿಗೇ ಆದರೂ. ಆದರೆ ಹೋದ ವಾರ ಪನವೇಲ್ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ನಿಂತಿತು. ಸೆಲ್ಫ್ ಚೆನ್ನಾಗಿ ತಿರುಗ್ತು, ಹತ್ತಿಕೊಳ್ಳಲಿಲ್ಲ. ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಬಂತು. ಇದು ಎರಡನೇ ರೋಗ. ಕ್ರ್ಯಾಂಕ್ ಸೆನ್ಸರ್ ಮೇಲೆ ನನಗೆ ಅನುಮಾನ ಇದೆ, ಆದರೆ ಈ ಸಲ ಇನ್ನೂ ಏನೂ ಕೊಂಡಿಲ್ಲ. ಶನಿವಾರ ಮೀಟರ್ ಹಿಡಿದು ಕೂರ್ತೀನಿ.