ಗಾಳಿಯಿಂದ ತಂಪಾಗುವ ಇಂಜಿನ್ನಿನ ಎಣ್ಣೆ ಸೋರಿಕೆ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಕೆಲವು ಸದಸ್ಯರ ಅಪೇಕ್ಷೆಯಂತೆ, ಪೋರ್ಶೆ 911 ಎಂಬ ಜರ್ಮನ್ ಕಾರಿನ ಹಳೆಯ ಇಂಜಿನ್ನಿನ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿಗೆ 1998ರವರೆಗೂ ಗಾಳಿಯಿಂದ ತಂಪಾಗುವ ಇಂಜಿನ್ನೇ ಇತ್ತು. ಅದಕ್ಕೆ ನೀರಿಲ್ಲ. ಗಾಳಿಯ ಜೊತೆಗೆ ಎಣ್ಣೆಯೂ ಶಾಖವನ್ನು ಹೊತ್ತು ಹೊರಹಾಕಬೇಕು. ಆದ್ದರಿಂದ ಎಣ್ಣೆ ಸೋರಿದರೆ ನೆಲ ಕೊಳೆಯಾಗುವುದಷ್ಟೇ ಅಲ್ಲ; ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಭಯವೂ ಉಂಟು. ಚಳಿಯಲ್ಲಿ ಕಾರಿನೊಳಗೆ ಬಿಡುವ ಬೆಚ್ಚನೆಯ ಗಾಳಿ ಆ ಕೊಳವೆಯ ಸುತ್ತಿನಿಂದಲೇ ಬರುವುದರಿಂದ, ಹೊಗೆಯ ವಾಸನೆ ಕುಳಿತವರ ಮೂಗಿಗೂ ಮುಟ್ಟುತ್ತದೆ.

ಸೋರುವುದೇಕೆ? ಬೇರೆ ಬೇರೆ ಲೋಹಗಳು ಕಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸಂದಿನಲ್ಲಿರುವ ರಬ್ಬರ್ ಉಂಗುರಗಳು ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತವೆ.

ಊರಿನ ಹಂಚಿನ ಮನೆಯನ್ನು ನೆನೆಯಿರಿ. ನೀರು ತೊಟ್ಟಿಕ್ಕುವ ಜಾಗದ ಮೇಲೆಯೇ ಒಡೆದ ಹಂಚು ಇರುವುದಿಲ್ಲ. ಇಲ್ಲಿಯೂ ಹಾಗೆಯೇ. ಗೇರ್‌ಬಾಕ್ಸ್ ಕೂಡುವ ಕಡೆ ಎಣ್ಣೆ ಕಂಡೊಡನೆ ಫ್ಲೈವೀಲಿನ ಸೀಲು ಕೆಟ್ಟಿತೆಂದು ಇಂಜಿನ್ನನ್ನೇ ಇಳಿಸುವವರುಂಟು. ಎಷ್ಟೋ ಸಲ ದೋಷವಿರುವುದು ಮೇಲ್ಭಾಗದಲ್ಲಿ: ಎಣ್ಣೆಯ ಒತ್ತಡದ ಸ್ವಿಚ್, ಥರ್ಮೋಸ್ಟಾಟಿನ ಉಂಗುರ, ಉಸಿರುಕೊಳವೆಯ ಮುಚ್ಚಳದ ಗ್ಯಾಸ್ಕೆಟ್ಟು. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆದುದರಿಂದ ಮೊದಲು ಇಂಜಿನ್ ಆರಿದ ಮೇಲೆ ಜಿಡ್ಡನ್ನೆಲ್ಲ ತೊಳೆದು ಒಣಗಿಸಿ. ಅನುಮಾನದ ಜಾಗಕ್ಕೆ ಮೈಗೆ ಹಚ್ಚುವ ಪೌಡರ್ ಉದುರಿಸಿ. ಸ್ವಲ್ಪ ಓಡಿಸಿ ನಿಲ್ಲಿಸಿ, ಒದ್ದೆಯಾದ ಗೆರೆಯ ತುದಿಯನ್ನು ಮೇಲ್ಮುಖವಾಗಿ ಹುಡುಕಿ. ಕಾರಿನ ಅಡಿಗೆ ಹೋಗುವಾಗ ಬರೀ ಜಾಕನ್ನು ನಂಬಬೇಡಿ; ಗಟ್ಟಿ ಸ್ಟ್ಯಾಂಡ್ ಕೊಡಿ.

ಸಿಲಿಂಡರುಗಳ ಕೆಳಗೆ ಎಣ್ಣೆ ಹಿಂದಿರುಗುವ ನಾಲ್ಕು ಕೊಳವೆಗಳಿವೆ. ಅವುಗಳ ಉಂಗುರ ಹೋಗಿದ್ದರೆ ಇಂಜಿನ್ ಬಿಚ್ಚಬೇಕಿಲ್ಲ. ಹಳೆಯ ಕೊಳವೆಯನ್ನು ಕತ್ತರಿಸಿ ತೆಗೆದು, ಒಂದರೊಳಗೊಂದು ಜಾರುವ ಎರಡು ತುಂಡಿನ ಕೊಳವೆಯನ್ನು ಕೂಡಿಸಬಹುದು. ವಾಲ್ವಿನ ಮುಚ್ಚಳ ಸೋರಿದರೆ ಹೊಸ ಗ್ಯಾಸ್ಕೆಟ್ಟು ಹಾಕಿ; ನಟ್ಟನ್ನು ಬಲವಾಗಿ ಬಿಗಿದರೆ ಮರೆ ಸವೆದು ಹೊಸ ಖರ್ಚು ಹುಟ್ಟುತ್ತದೆ.

ಇನ್ನೊಂದು ಮಾತು. ಎಣ್ಣೆಯ ಮಟ್ಟವನ್ನು ಸಮನೆಲದಲ್ಲಿ, ಇಂಜಿನ್ ಚೆನ್ನಾಗಿ ಕಾದು ನಿಧಾನವಾಗಿ ಓಡುತ್ತಿರುವಾಗಲೇ ನೋಡಬೇಕು. ನಿಂತ ಕಾರಿನಲ್ಲಿ ತೊಟ್ಟಿಯ ಎಣ್ಣೆ ಇಂಜಿನ್ನಿಗೆ ಇಳಿದು ಮಟ್ಟ ಕಡಿಮೆಯೆಂದು ತೋರುತ್ತದೆ. ಅದನ್ನು ನಂಬಿ ಸುರಿದರೆ, ಹೆಚ್ಚಾದ ಎಣ್ಣೆ ಉಸಿರುಕೊಳವೆಯಿಂದ ಉಕ್ಕಿ ಹೊಗೆಯಾಗುತ್ತದೆ.

ಗಿರಾಕಿಯ ಹಣವೂ ಕೆಲಸಗಾರನ ಹೆಸರೂ ಉಳಿಯುವುದು ಸ್ಪ್ಯಾನರಿಗೆ ಮೊದಲು ಕಣ್ಣನ್ನು ಬಳಸಿದಾಗ.