ನಿಂತ ನೆಲಕ್ಕೆ ಮನಸ್ಸನ್ನು ಕರೆತರೋಣ



ಎರಡನೆಯ ಪಾಳಿ ಮುಗಿಸಿ ಬಂದು ಹಾಸಿಗೆಯ ಮೇಲೆ ಒರಗುತ್ತೇವೆ. ಮೈ ದಣಿದಿದೆ, ನಿದ್ದೆ ಮಾತ್ರ ಸುಳಿಯದು. ಊರಿಗೆ ಮಾಡಿದ ಫೋನನ್ನು ಯಾರೂ ಎತ್ತಿಲ್ಲ. ತಾಯಿಗೆ ಕಾಯಿಲೆಯೇ? ಆಸ್ಪತ್ರೆಗೆ ಸಾಲ ಎಲ್ಲಿ ತರುವುದು? ರಜೆ ಹಾಕಿದರೆ ಗುತ್ತಿಗೆದಾರ ಬೇರೆಯವನನ್ನು ಇಟ್ಟುಕೊಂಡಾನು. ಕೆಲಸ ಹೋದರೆ ಮಕ್ಕಳ ಗತಿ? ಇಷ್ಟರಲ್ಲಿ ನಿಜವಾಗಿ ನಡೆದ ಸಂಗತಿ ಒಂದೇ: ಯಾರೂ ಫೋನು ಎತ್ತಲಿಲ್ಲ. ಉಳಿದುದೆಲ್ಲ ಮನಸ್ಸು ಕಟ್ಟಿದ ಕಥೆ. ಆದರೆ ಅದರಿಂದ ಹೊಡೆದುಕೊಳ್ಳುವ ಎದೆ ಕಥೆಯಲ್ಲ. ಹೀಗೆ ನಿದ್ದೆಗೆಟ್ಟು ಮರುದಿನ ಯಂತ್ರದ ಮುಂದೆ ನಿಂತವನ ಬೆರಳಿಗೇ ಅಪಾಯ. ಆದುದರಿಂದ ಇದು ಬರಿಯ ವೇದಾಂತದ ವಿಷಯವಲ್ಲ.

ಇದಕ್ಕೆ ಮದ್ದನ್ನು ದೂರ ಹುಡುಕಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ನರಳಿದವರು. 1937ರಲ್ಲಿ ಆರು ತಿಂಗಳ ಮಟ್ಟಿಗೆ ಯೋಗ ಕಲಿಸಲೆಂದು ಈ ಪುಣೆಗೆ ಬಂದರು. ಆಗ ಹದಿನೆಂಟರ ಹರೆಯ; ಮರಾಠಿ ಬಾರದು, ಕೈಯಲ್ಲಿ ಕಾಸಿಲ್ಲ. ಹಾಗೆ ಬಂದವರು 2014ರಲ್ಲಿ ಕಣ್ಣು ಮುಚ್ಚುವವರೆಗೂ ಇದೇ ಊರಿನವರಾಗಿ ಉಳಿದರು.

1966ರಲ್ಲಿ ಹೊರಬಂದ ಅವರ ‘ಲೈಟ್ ಆನ್ ಯೋಗ’ ಗ್ರಂಥದ ಮೊದಲ ಆಸನ ಯಾವುದು ಬಲ್ಲಿರಾ? ತಾಡಾಸನ. ಎಂದರೆ ನೆಟ್ಟಗೆ ನಿಲ್ಲುವುದು, ಅಷ್ಟೆ! ನಿಲ್ಲುವುದೇನು ದೊಡ್ಡ ವಿದ್ಯೆಯೆಂದು ನಗಬೇಡಿ. ನಮ್ಮ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿರುವುದನ್ನು ನೋಡಿದರೆ, ನಾವು ಎಷ್ಟು ಓರೆಯಾಗಿ ನಿಲ್ಲುತ್ತೇವೆಂಬುದು ತಿಳಿಯುತ್ತದೆ. ಎರಡು ಪಾದಗಳಿಗೂ ಭಾರವನ್ನು ಸಮನಾಗಿ ಹಂಚಬೇಕಾದರೆ ಗಮನವೆಲ್ಲ ಪಾದಕ್ಕೆ ಇಳಿಯಬೇಕು. ಆ ಗಳಿಗೆಯಲ್ಲಿ ಮನಸ್ಸು ಊರಿನ ಆಸ್ಪತ್ರೆಯಲ್ಲಿ ಅಲೆಯಲಾರದು.

ಯೋಚನೆಯ ಓಟ ಕಂಡೊಡನೆ ‘ಇದು ಯೋಚನೆ’ ಎಂದು ಗುರುತಿಸಿರಿ. ಅದರೊಡನೆ ಜಗಳ ಬೇಡ. ತಳ್ಳಿದಷ್ಟೂ ಅದು ಮರಳಿ ಬರುತ್ತದೆ. ಎದ್ದು ನಿಂತು ಪಾದದ ಕೆಳಗಿನ ನೆಲವನ್ನು ಗಮನಿಸಿರಿ. ಕಿವಿಗೆ ಬೀಳುವ ಮೂರು ಸದ್ದುಗಳನ್ನು ಎಣಿಸಿರಿ: ಫ್ಯಾನು, ರಸ್ತೆಯ ಲಾರಿ, ತೊಟ್ಟಿಕ್ಕುವ ನಲ್ಲಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿರಿ. ಉಸಿರು ಬಿಡುವಾಗ ಎದೆಬಡಿತ ಇಳಿಯುವುದು ದೇಹದ ಸಹಜ ಧರ್ಮ. ಮನಸ್ಸು ಹತ್ತು ಸಾರಿ ಓಡಿದರೆ ಹತ್ತು ಸಾರಿ ಕರೆತನ್ನಿರಿ. ಕರು ಹಗ್ಗ ಬಿಚ್ಚಿಕೊಂಡು ಓಡಿತೆಂದು ಅದನ್ನು ಮಾರಿಬಿಡುವವರುಂಟೆ?

‘ಹಾಗಾದರೆ ಕಷ್ಟವನ್ನು ಮರೆತು ಕೂರಬೇಕೋ?’ ಎಂದು ಕೇಳುವಿರಿ. ಖಂಡಿತ ಇಲ್ಲ. ಬಾಕಿ ಉಳಿದ ಕೂಲಿ ಉಸಿರಾಟದಿಂದ ಬಾರದು. ಅದಕ್ಕೆ ಹಾಜರಿಯ ಲೆಕ್ಕ ಬೇಕು, ಸಂಘ ಬೇಕು. ಆದರೆ ಲೆಕ್ಕ ಕೇಳುವುದಕ್ಕೂ ಸ್ಥಿಮಿತವಾದ ತಲೆ ಬೇಕಷ್ಟೆ. ಮನಸ್ಸು ನೆಲೆಗೆ ಬಂದಮೇಲೆ, ನನ್ನ ಕೈಲಾಗುವ ಮೊದಲ ಕೆಲಸ ಯಾವುದೆಂದು ಒಂದು ಚೀಟಿಯಲ್ಲಿ ಬರೆಯಿರಿ. ‘ಬೆಳಗ್ಗೆ ಊರಿನ ನೆರೆಮನೆಗೆ ಫೋನು ಮಾಡುವುದು’ — ಅಷ್ಟು ಬರೆದು ಮಲಗಿರಿ.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಇದನ್ನೇ ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಿರಿ. ಸರ್ಕಾರದ ‘ಟೆಲಿ ಮಾನಸ್’ ಸೇವೆ 2022ರಿಂದ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ನಡೆಯುತ್ತಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ನಮ್ಮ ಕೈ ದುಡಿಯಬಲ್ಲುದು ಈ ಗಳಿಗೆಯಲ್ಲಿ ಮಾತ್ರ. ಮನಸ್ಸನ್ನೂ ಅಲ್ಲಿಗೇ ಕರೆತರೋಣ.