ನೊರೆ ನಿಲ್ಲುವಷ್ಟು ಹೊತ್ತು



ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಹತ್ತಿರದ ತೋಟವೊಂದಕ್ಕೆ ಜಾಹೀರಾತಿನವರು ಬಂದಿದ್ದರು. ಮನೆಯ ಅಕ್ಕ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ಕಾಫಿ ಕೊಟ್ಟರು. ದೀಪ ಸರಿಮಾಡುವಷ್ಟರಲ್ಲಿ ನೊರೆ ಇಳಿದುಹೋಯಿತು. ಹುಡುಗನೊಬ್ಬ ಬಾಟಲಿಯಲ್ಲಿ ಸೋಪಿನ ನೀರು ಕುಲುಕಿದ, ಇಂಕ್ ಫಿಲ್ಲರಿನಲ್ಲಿ ಗುಳ್ಳೆ ಎತ್ತಿ ಕಪ್ಪಿನ ಅಂಚಿಗೆ ಒಂದೊಂದಾಗಿ ಕೂರಿಸಿದ. ಹಿಂದೆ ಊದುಬತ್ತಿ ಹಚ್ಚಿಟ್ಟರು, ಅದೇ ಹಬೆಯಾಯಿತು. ಚಿತ್ರ ಚೆಂದವೇ ಬಂತು. ಕಾಫಿ ಬಚ್ಚಲಿಗೆ ಹೋಯಿತು. ಅಕ್ಕನ ಮುಖ ನನಗೆ ಇನ್ನೂ ನೆನಪಿದೆ.

ಬಾಬಾಬುಡನ್ ತಂದರೆಂದು ನಾವು ನಂಬಿರುವ ಏಳು ಕಾಫಿ ಬೀಜಗಳಿಗೆ ಯಾವ ಚಿತ್ರವೂ ಬೇಕಿರಲಿಲ್ಲ. ಮುಂದೆ ದೊಡ್ಡ ತೋಟಗಳೆದ್ದ ಮೇಲೂ ಬೆಳೆಯ ಬಹುಪಾಲು ಹಡಗು ಹತ್ತುತ್ತಿತ್ತು. 1930ರ ದಶಕದ ಮುಗ್ಗಟ್ಟಿನಲ್ಲಿ ಬೆಲೆ ಬಿದ್ದಾಗ, ನಮ್ಮವರಿಗೇ ಕಾಫಿ ಕುಡಿಸಬೇಕಾಯಿತು. 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂತು, ಮರುವರ್ಷ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಪೇಟ ಸುತ್ತಿ ಬಿಸಿ ಕಪ್ಪು ತಂದಿಡುವ ಮಾಣಿಯೇ ಅಲ್ಲಿ ಜಾಹೀರಾತು. ಅದರಲ್ಲಿ ಮೋಸವಿರಲಿಲ್ಲ, ಕಪ್ಪು ಎದುರಿಗೇ ಇರುತ್ತಿತ್ತು.

1942ರ ಕಾಫಿ ಕಾಯಿದೆಯ ನಂತರ ಬೆಳೆಯೆಲ್ಲ ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲ್‌ಗೆ ಹೋಗುತ್ತಿತ್ತು. ಕಳಸದ್ದು, ಕೊಪ್ಪದ್ದು ಎಂಬ ಬೇರೆ ಗುರುತು ಉಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಯಿತು. 1996ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ವಿ. ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ಕ್ಯಾಪುಚಿನೋದ ದಪ್ಪ ನೊರೆ ಊರೂರಿನ ಫಲಕ ಹತ್ತಿತು.

ಚಿತ್ರಕ್ಕಾಗಿ ಹೀಗೆ ವೇಷ ಕಟ್ಟುವ ವಿದ್ಯೆ ಮಾತ್ರ ಹೊರದೇಶದಲ್ಲಿ ಆಗಲೇ ಹಳೆಯದು. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲ ತಳಕ್ಕೆ ಗಾಜಿನ ಗೋಲಿ ಹಾಕಿದ್ದರು. ತರಕಾರಿ ತುಂಡುಗಳು ಮುಳುಗದೆ ಮೇಲೇ ನಿಂತು, ಸೂಪು ಗಟ್ಟಿಯಾಗಿ ಕಾಣಲೆಂದು. 1970ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ ತಡೆ ಹಾಕಿತು.

ಸೋಪಿನ ಗುಳ್ಳೆಯನ್ನು ನಾನು ಕ್ಷಮಿಸಬಲ್ಲೆ. ನೊರೆ ನಿಲ್ಲದು, ಕ್ಯಾಮೆರಾಕ್ಕೆ ಹೊತ್ತು ಬೇಕು. ಕಾಫಿ ಪೊಟ್ಟಣದ ಮೇಲೆ ಅಚ್ಚಾದ ಕಾಫಿ ಹಣ್ಣನ್ನು ಕ್ಷಮಿಸಲಾರೆ. ರೆಂಬೆ ತುಂಬ ಒಂದೇ ಕೆಂಪು! ಆದರೆ ಮಿಶ್ರಣದ ಪೊಟ್ಟಣವನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಅದರಲ್ಲಿ ನೂರಕ್ಕೆ 49ರವರೆಗೂ ಚಿಕೋರಿ ಇರಬಹುದು, ಕಾನೂನೇ ಒಪ್ಪುತ್ತದೆ. ಚಿಕೋರಿ ಬೇರನ್ನು ಮುಂಭಾಗದ ಚಿತ್ರದಲ್ಲಿ ನಾನು ಎಲ್ಲೂ ಕಂಡಿಲ್ಲ.

ನಿಜವಾದ ರೆಂಬೆಯಲ್ಲಿ ಒಂದೇ ಗೊಂಚಲಿಗೆ ಹಸಿರು, ಹಳದಿ, ಕೆಂಪು ಕೂಡಿರುತ್ತವೆ. ಮಳೆ ಬಂದಂತೆ ಹೂ ಅರಳುತ್ತದೆ, ಹೂ ಅರಳಿದಂತೆ ಹಣ್ಣು. ಅರೇಬಿಕಾ ಕುಯ್ಲಿನಲ್ಲಿ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಡಿಸೆಂಬರಿನ ಬೆಳಗ್ಗೆ ಇಬ್ಬನಿಗೆ ಒದ್ದೆಯಾದ ರೆಂಬೆಯನ್ನು ಎಡಗೈಯಲ್ಲಿ ಬಗ್ಗಿಸಿಕೊಂಡು, ಬಲಗೈ ಹೆಬ್ಬೆರಳಿನಿಂದ ಕೆಂಪನ್ನಷ್ಟೇ ತಿರುಚಿ ಕುಯ್ಯುವ ಹೆಂಗಸು, ಪಕ್ಕದ ಹಸಿರು ಕಾಯಿ ಅಲುಗದಂತೆ ರೆಂಬೆಯನ್ನು ಮೆಲ್ಲಗೆ ಬಿಟ್ಟು ಮುಂದಿನ ಗಿಡಕ್ಕೆ ಹೋಗುತ್ತಾಳೆ.